ಫೇಜ್ ಮೂಲಕ ಔಷಧ ಮತ್ತು ಜೀನ್ ಸಾಗಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫೇಜ್ ಎಂದರೇನು? ಔಷಧ ಸಾಗಿಸಲು ಅದನ್ನೇ ಏಕೆ ಆರಿಸಿಕೊಳ್ಳುತ್ತಾರೆ?

ಬ್ಯಾಕ್ಟೀರಿಯಾಗಳಿಗೆ ಮಾತ್ರ ಸೋಂಕು ತಗಲಿಸುವ ವೈರಸ್‌ಗಳನ್ನು ಬ್ಯಾಕ್ಟೀರಿಯೊಫೇಜ್, ಚಿಕ್ಕದಾಗಿ ಫೇಜ್ ಎನ್ನುತ್ತಾರೆ. 1915ರಲ್ಲಿ ಫ್ರೆಡ್ರಿಕ್ ಟ್ವೋರ್ಟ್, 1917ರಲ್ಲಿ ಫೆಲಿಕ್ಸ್ ದೆರೆಲ್ ಇವನ್ನು ಬೇರೆ ಬೇರೆಯಾಗಿ ಗುರುತಿಸಿದರು. ಒಳಗೆ ಡಿಎನ್‌ಎ ಅಥವಾ ಆರ್‌ಎನ್‌ಎ, ಹೊರಗೆ ಪ್ರೋಟೀನಿನ ಕವಚ. ಬಹುತೇಕ ಫೇಜ್‌ಗಳ ರಚನೆ ಇಷ್ಟೇ.

ಇದನ್ನು ಆರಿಸಿಕೊಳ್ಳಲು ಮುಖ್ಯ ಕಾರಣ, ಕವಚದ ಪ್ರೋಟೀನುಗಳ ಜೀನ್‌ಗಳು ಆ ಕವಚದ ಒಳಗೇ ಇರುತ್ತವೆ. ಜೀನ್‌ಗೆ ಒಂದು ತುಣುಕು ಸೇರಿಸಿದರೆ ಅದಕ್ಕೆ ತಕ್ಕ ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಣುಕು) ಹೊರಮೈಯಲ್ಲಿ ಕಾಣಿಸಿಕೊಳ್ಳುತ್ತದೆ. 1985ರಲ್ಲಿ ಜಾರ್ಜ್ ಸ್ಮಿತ್ ಇದನ್ನು ಮಾಡಿ ತೋರಿಸಿದರು. ಫೇಜ್ ಡಿಸ್‌ಪ್ಲೇ ಎಂಬ ಈ ವಿಧಾನಕ್ಕಾಗಿ 2018ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಗ್ರೆಗರಿ ವಿಂಟರ್ ಅವರಿಗೂ ಪಾಲು ಸಿಕ್ಕಿತು. ಇನ್ನೊಂದು ಕಾರಣ ಖರ್ಚು. ಪ್ರಾಣಿಕೋಶ ಸಾಕಬೇಕಿಲ್ಲ. ಫ್ಲಾಸ್ಕಿನಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಬೆಳೆಸಿದರೆ ಒಂದೇ ದಿನದಲ್ಲಿ ಲಕ್ಷಾಂತರ ಕೋಟಿ ಕಣಗಳು ಸಿಗುತ್ತವೆ.

ಇದು ನಮ್ಮ ದೇಹದ ಕೋಶಗಳಿಗೂ ಸೋಂಕು ತಗಲಿಸುತ್ತದೆಯೇ?

ಇಲ್ಲ. ನಮ್ಮ ಕೋಶದೊಳಗೆ ಫೇಜ್ ಮರಿಮಾಡುವುದಿಲ್ಲ. ಫೈ-ಎಕ್ಸ್174 ಎಂಬ ಫೇಜನ್ನು ರೋಗನಿರೋಧಕ ಶಕ್ತಿಯ ಕೊರತೆ ಪತ್ತೆಹಚ್ಚಲು ದಶಕಗಳಿಂದ ರೋಗಿಗಳ ರಕ್ತನಾಳಕ್ಕೆ ಚುಚ್ಚಿ, ಪ್ರತಿಕಾಯ ಎಷ್ಟು ಹುಟ್ಟುತ್ತದೆ ಎಂದು ಅಳೆಯುತ್ತಾ ಬಂದಿದ್ದಾರೆ. ಆದರೆ ಇದೇ ಗುಣ ಜೀನ್ ಸಾಗಣೆಗೆ ಅಡ್ಡಿಯೂ ಹೌದು. ನಮ್ಮ ಕೋಶದೊಳಗೆ ನುಗ್ಗುವ ಉಪಾಯ ಫೇಜ್‌ಗೆ ಗೊತ್ತಿಲ್ಲ, ನಾವೇ ಕಲಿಸಬೇಕು.

ಯಾವ ಕೆಲಸಕ್ಕೆ ಯಾವ ಫೇಜ್?

ಅತಿ ಹೆಚ್ಚು ಬಳಕೆಯಲ್ಲಿರುವುದು ಎಂ13. ನೂಲಿನಂಥ ಕಣ. ಉದ್ದ ಸುಮಾರು 900 ನ್ಯಾನೋಮೀಟರ್, ದಪ್ಪ 6ರಿಂದ 7 ನ್ಯಾನೋಮೀಟರ್. ಒಳಗೆ ಸುಮಾರು 6,400 ಅಕ್ಷರಗಳ (ನ್ಯೂಕ್ಲಿಯೊಟೈಡ್‌ಗಳ) ಒಂಟಿ ಎಳೆಯ ಡಿಎನ್‌ಎ. ಮೈತುಂಬ ಪಿ8 ಪ್ರೋಟೀನಿನ ಸುಮಾರು 2,700 ಪ್ರತಿಗಳು, ಒಂದು ತುದಿಯಲ್ಲಿ ಪಿ3 ಪ್ರೋಟೀನಿನ 5 ಪ್ರತಿಗಳು. ಡಿಎನ್‌ಎ ಉದ್ದವಾದರೆ ಕಣವೂ ಉದ್ದವಾಗುತ್ತದೆ, ಹಾಗಾಗಿ ಒಳಗೆ ಜಾಗ ಸಾಲದೆಂಬ ಮಾತಿಲ್ಲ. ಆದರೆ ಉದ್ದ ಹೆಚ್ಚಿದಷ್ಟೂ ಇಳುವರಿ ಕುಸಿಯುತ್ತದೆ, ಸೇರಿಸಿದ ತುಣುಕನ್ನು ಫೇಜ್ ಕಳೆದುಕೊಳ್ಳುವುದೂ ಹೆಚ್ಚುತ್ತದೆ.

ದೊಡ್ಡ ಸರಕಿಗೆ ಟಿ4. ಇದರ ತಲೆ 120 ನ್ಯಾನೋಮೀಟರ್ ಉದ್ದ, 86 ನ್ಯಾನೋಮೀಟರ್ ಅಗಲ. ಸುಮಾರು 1,71,000 ಜೋಡಿ ಅಕ್ಷರಗಳ ಡಿಎನ್‌ಎ ಹಿಡಿಸುತ್ತದೆ. ತಲೆಯ ಮೇಲೆ ಸಾಕ್ ಪ್ರೋಟೀನಿನ 870 ಪ್ರತಿಗಳೂ ಹಾಕ್ ಪ್ರೋಟೀನಿನ 155 ಪ್ರತಿಗಳೂ ಇರುತ್ತವೆ. ಇವೆರಡೂ ಇಲ್ಲದಿದ್ದರೂ ತಲೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಇವುಗಳ ಬೆನ್ನಿಗೆ ಬೇರೆ ಪ್ರೋಟೀನ್ ಅಂಟಿಸಿ ಹೊರಗಿನಿಂದ ತೊಡಿಸಬಹುದು.

ಎಂಎಸ್2 ಮತ್ತು ಕ್ಯೂ-ಬೀಟಾ ಚಿಕ್ಕ ಗುಂಡಗಿನ ಕವಚಗಳು, ಅಡ್ಡಳತೆ 30 ನ್ಯಾನೋಮೀಟರ್ ಒಳಗೆ, 180 ಪ್ರೋಟೀನುಗಳಿಂದ ಕಟ್ಟಿದವು. ವೈರಸ್‌ನ ಸ್ವಂತ ಆರ್‌ಎನ್‌ಎ ಇಲ್ಲದ ಖಾಲಿ ಕವಚ ತಯಾರಿಸಿ ಒಳಗೆ ಔಷಧ ಅಥವಾ ಚಿಕ್ಕ ಆರ್‌ಎನ್‌ಎ ತುಂಬಲು ಇವು ಚೆನ್ನ. ಸ್ವಂತ ಜೀನೋಮ್ ಇಲ್ಲವಾದ್ದರಿಂದ ಬ್ಯಾಕ್ಟೀರಿಯಾದಲ್ಲೂ ಮರಿಮಾಡುವುದಿಲ್ಲ. ಸುರಕ್ಷತೆಯ ಪ್ರಶ್ನೆ ಎದ್ದಾಗ ಇದು ದೊಡ್ಡ ಅನುಕೂಲ.

ಗುರಿ ಹಿಡಿಯುವ ಪೆಪ್ಟೈಡನ್ನು ಎಂ13 ಮೇಲೆ ಎಲ್ಲಿ ಕೂರಿಸಬೇಕು?

ದೊಡ್ಡದಾದರೆ ಪಿ3, ಚಿಕ್ಕದಾದರೆ ಪಿ8. ಎಲ್ಲ 2,700 ಪಿ8 ಪ್ರೋಟೀನುಗಳ ಮೇಲೂ ಬರಬೇಕೆಂದರೆ ಪೆಪ್ಟೈಡ್ 6ರಿಂದ 8 ಅಮೈನೋ ಆಮ್ಲ ಮೀರಬಾರದು. ಮೀರಿದರೆ ಕಣ ಕಟ್ಟಿಕೊಂಡು ಹೊರಬರುವುದೇ ಕಷ್ಟ. ಪ್ರತಿಕಾಯದ ತುಣುಕಿನಂಥ ದೊಡ್ಡ ಪ್ರೋಟೀನನ್ನೂ ಪಿ3 ಹೊರುತ್ತದೆ, ಆದರೆ ಅದರ ತುದಿ ಮುಚ್ಚಿಹೋದರೆ ಇ. ಕೋಲೈಗೆ ಸೋಂಕು ತಗಲಿಸುವ ಶಕ್ತಿ ತಗ್ಗುತ್ತದೆ. ಬೆಳೆಸುವಾಗ ಇದೇ ತೊಂದರೆ ಕೊಡುವುದು. ಪೆಪ್ಟೈಡ್ ಹೊತ್ತ ಫೇಜ್ ನಿಧಾನವಾಗಿ ಹೆಚ್ಚುತ್ತದೆ, ಅದನ್ನು ಕಳಚಿಕೊಂಡ ಫೇಜ್ ಬೇಗ ಹೆಚ್ಚಿ ಇಡೀ ಫ್ಲಾಸ್ಕನ್ನು ಆಕ್ರಮಿಸುತ್ತದೆ.

ಸರಿಯಾದ ಪೆಪ್ಟೈಡ್ ಯಾವುದೆಂದು ತಿಳಿಯದಿದ್ದರೆ ಪ್ಯಾನಿಂಗ್ ಮಾಡಬೇಕು. ಕೋಟ್ಯಂತರ ಬೇರೆ ಬೇರೆ ಪೆಪ್ಟೈಡ್‌ಗಳಿರುವ ಫೇಜ್ ಸಂಗ್ರಹವನ್ನು ಗುರಿ ಪ್ರೋಟೀನಿನ ಮೇಲೆ ಬಿಟ್ಟು, ಅಂಟದವನ್ನು ತೊಳೆದು, ಅಂಟಿದವನ್ನು ಪಿಎಚ್ 2.2ರ 0.2 ಮೋಲಾರ್ ಗ್ಲೈಸಿನ್‌ನಿಂದ ಬಿಡಿಸಿ, 10 ನಿಮಿಷದೊಳಗೆ ಟ್ರಿಸ್ ಹಾಕಿ ಆಮ್ಲ ತಟಸ್ಥಗೊಳಿಸಿ, ಮತ್ತೆ ಬೆಳೆಸುವುದು. ಇಂಥ ಮೂರು ಸುತ್ತು ಸಾಮಾನ್ಯ. ಸುತ್ತು ಹೆಚ್ಚಿಸಿದರೆ ಒಳ್ಳೆಯದೆಂದು ಐದು ಆರಕ್ಕೆ ಹೋಗಬೇಡಿ. ಆಗ ಗುರಿಗೆ ಚೆನ್ನಾಗಿ ಅಂಟುವುದರ ಬದಲು ಬೇಗ ಬೆಳೆಯುವುದು, ಇಲ್ಲವೇ ಪ್ಲಾಸ್ಟಿಕ್‌ಗೆ ಅಂಟುವುದು ಗೆಲ್ಲುತ್ತದೆ. ಗುರಿ ಪ್ರೋಟೀನ್ ಹಚ್ಚದ ಖಾಲಿ ಗುಂಡಿಯಲ್ಲೂ ಪ್ರತಿ ಸುತ್ತಿನ ಫೇಜನ್ನು ಪರೀಕ್ಷಿಸಿದರೆ ಈ ಮೋಸ ತಕ್ಷಣ ಗೊತ್ತಾಗುತ್ತದೆ.

ಔಷಧವನ್ನು ಕಟ್ಟುವುದು ಹೇಗೆ?

ಪಿ8 ಪ್ರೋಟೀನಿನ ಮೊದಲ ತುದಿಯ ಅಮೈನ್ ಗುಂಪು ಮತ್ತು ಎಂಟನೇ ಸ್ಥಾನದ ಲೈಸಿನ್ ಹೊರಮೈಯಲ್ಲಿ ಸಿಗುತ್ತವೆ. ಅಮೈನ್‌ಗೆ ಅಂಟುವ ಎನ್‌ಎಚ್‌ಎಸ್ ಎಸ್ಟರ್ ಎಂಬ ರಾಸಾಯನಿಕ ಬಳಸಿದರೆ ಔಷಧ ಅಲ್ಲಿಗೆ ಸೇರುತ್ತದೆ. ಕಾರ್ಬಾಕ್ಸಿಲ್ ಗುಂಪಿಗೆ ಕಟ್ಟಬೇಕಾದರೆ ಇಡಿಸಿ ಎಂಬ ಜೋಡಣೆಕಾರಕದ ರಸಾಯನಕ್ರಿಯೆ, ಆಗ ಎರಡು, ನಾಲ್ಕು ಮತ್ತು ಐದನೇ ಸ್ಥಾನಗಳ ಆಮ್ಲಗಳು ಉಪಯೋಗಕ್ಕೆ ಬರುತ್ತವೆ.

ಎನ್‌ಎಚ್‌ಎಸ್ ಕ್ರಿಯೆ ಮಾಡುವಾಗ ಪಿಎಚ್ 7.5ರಿಂದ 8.5ರ ನಡುವೆ ಇರಲಿ, ಬಫರ್ ಫಾಸ್ಫೇಟ್ ಅಥವಾ ಬೈಕಾರ್ಬೊನೇಟ್ ಆಗಿರಲಿ. ಹೊಸಬರು ಇಲ್ಲೇ ಎಡವುವುದು: ಫೇಜನ್ನು ಶುದ್ಧಮಾಡಿದ್ದು ಟ್ರಿಸ್ ಬಫರಿನಲ್ಲಿ, ಅದನ್ನು ಬದಲಿಸದೆ ಹಾಗೇ ಔಷಧ ಸೇರಿಸುತ್ತಾರೆ. ಟ್ರಿಸ್‌ನಲ್ಲೂ ಅಮೈನ್ ಇದೆ. ಔಷಧವೆಲ್ಲ ಅದಕ್ಕೇ ಅಂಟಿ ಫೇಜ್ ಬರಿಗೈಯಲ್ಲಿ ಉಳಿಯುತ್ತದೆ. ಮೊದಲು ಡಯಾಲಿಸಿಸ್ ಮಾಡಿ ಬಫರ್ ಬದಲಿಸಿ. ಎನ್‌ಎಚ್‌ಎಸ್ ಎಸ್ಟರ್ ನೀರಿನಲ್ಲಿ ಕೆಡುತ್ತದೆ, ಆದ್ದರಿಂದ ನೀರಿನಂಶವಿಲ್ಲದ ಡಿಎಂಎಸ್‌ಒ ದ್ರಾವಕದಲ್ಲಿ ಆಗಲೇ ಕರಗಿಸಿ ಕೂಡಲೇ ಬಳಸಬೇಕು.

ನೀರಿನಲ್ಲಿ ಸುಲಭವಾಗಿ ಕರಗದ ಔಷಧವನ್ನು ಹೆಚ್ಚು ಕಟ್ಟಿದಷ್ಟೂ ಫೇಜ್‌ಗಳು ಒಂದಕ್ಕೊಂದು ಅಂಟಿ ಬಿಳಿ ಗಸಿಯಾಗಿ ಕೆಳಗಿಳಿಯುತ್ತವೆ. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದಲ್ಲಿ ಇಫ್ತಾಖ್ ಯಾಕೊಬಿ ಮತ್ತು ಇತಾಯ್ ಬೆನ್ಹಾರ್ ಅವರ ತಂಡ ಇದನ್ನು ಚೆನ್ನಾಗಿ ಬಿಡಿಸಿತು. ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಅನ್ನು ನೇರವಾಗಿ ಕಟ್ಟದೆ ನಡುವೆ ನಿಯೋಮೈಸಿನ್ ಎಂಬ ಇನ್ನೊಂದನ್ನು ಇಟ್ಟರು. ನಿಯೋಮೈಸಿನ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಅದರಲ್ಲಿ ಹಲವು ಅಮೈನ್ ಗುಂಪುಗಳೂ ಇವೆ. ಹೀಗೆ ಒಂದೊಂದು ಫೇಜ್ ಮೇಲೆ 10,000 ಔಷಧ ಅಣುಗಳವರೆಗೆ ಕೂತವು. ಗುರಿ ತೋರಿಸಲು ಫೇಜ್ ಮೇಲೆ ಪ್ರತಿಕಾಯ. ಸ್ಟಫೈಲೊಕಾಕಸ್ ಆರಿಯಸ್‌ನಂಥ ಬ್ಯಾಕ್ಟೀರಿಯಾಗಳ ಮೇಲೆ ಈ ಕಣಗಳು, ಅಷ್ಟೇ ಬಿಡಿ ಔಷಧಕ್ಕೆ ಹೋಲಿಸಿದರೆ ಸುಮಾರು 20,000 ಪಟ್ಟು ಹೆಚ್ಚು ಪರಿಣಾಮ ತೋರಿದವು. 2007ರ ಕೆಲಸ ಇದು. ಔಷಧವನ್ನು ಹಿಡಿದಿದ್ದು ಎಸ್ಟರ್ ಬಂಧ. ಸೀರಂನ ಎಸ್ಟರೇಸ್ ಕಿಣ್ವ ಅದನ್ನು ಕತ್ತರಿಸಿದಾಗ ಔಷಧ ಬಿಡುಗಡೆ. ಕ್ಯಾನ್ಸರ್ ಕೋಶಕ್ಕಾದರೆ, ಕೋಶದ ಒಳಗಿರುವ ಕೆಥೆಪ್ಸಿನ್-ಬಿ ಕಿಣ್ವ ಕತ್ತರಿಸುವಂಥ ಪೆಪ್ಟೈಡನ್ನು ನಡುವೆ ಇಡುತ್ತಾರೆ, ಅದಕ್ಕೆ ಮುಂಚೆ ಔಷಧ ಸೋರಬಾರದು.

10,000 ಅಣು ಎಂದರೆ ಬಹಳವಲ್ಲವೇ?

ಲೆಕ್ಕ ಹಾಕಿ ನೋಡೋಣ, ಈ ಕ್ಷೇತ್ರದ ನಿಜವಾದ ಮಿತಿ ಇಲ್ಲೇ ಕಾಣುತ್ತದೆ. ಒಂದು ಲಕ್ಷ ಕೋಟಿ, ಅಂದರೆ 10¹² ಎಂ13 ಕಣಗಳ ತೂಕ ಸುಮಾರು 27 ಮೈಕ್ರೋಗ್ರಾಂ. ಕ್ಲೋರಾಂಫೆನಿಕಾಲ್‌ನ ಅಣುತೂಕ 323. ಪ್ರತಿ ಕಣದ ಮೇಲೆ 10,000 ಅಣು ಇದ್ದರೆ ಅಷ್ಟೂ ಕಣಗಳು ಹೊರುವ ಔಷಧ ಸುಮಾರು 5.4 ಮೈಕ್ರೋಗ್ರಾಂ. 60 ಕಿಲೋ ತೂಕದ ವ್ಯಕ್ತಿಗೆ ದಿನಕ್ಕೆ ಕಿಲೋಗೆ 50 ಮಿಲಿಗ್ರಾಂನಂತೆ ಕೊಡುವ ವಾಡಿಕೆಯ ಡೋಸು 3 ಗ್ರಾಂ. ಅಷ್ಟನ್ನೂ ಫೇಜ್ ಮೇಲೆಯೇ ಕೊಡಬೇಕೆಂದರೆ 15 ಗ್ರಾಂ ಫೇಜ್ ಬೇಕು. ಮಿಲಿಲೀಟರಿಗೆ 10¹² ಕಣ ಸಿಗುವ ಒಳ್ಳೆಯ ಬೆಳೆಯಾದರೂ ಇದಕ್ಕೆ 550 ಲೀಟರ್‌ಗಿಂತ ಹೆಚ್ಚು ಬೇಕು, ಅದೂ ದಿನವೊಂದಕ್ಕೆ.

ಹಾಗಾಗಿ ಸಾಮಾನ್ಯ ಔಷಧವನ್ನು ಇಡೀ ದೇಹಕ್ಕೆ ಹಂಚಲು ಫೇಜ್ ಯೋಗ್ಯವಲ್ಲ. ಅತಿ ಕಡಿಮೆ ಪ್ರಮಾಣದಲ್ಲೇ ಕೊಲ್ಲುವ, ಬಿಡಿಯಾಗಿ ಕೊಟ್ಟರೆ ವಿಷವಾಗುವ ಔಷಧ ಇದ್ದು, ಅದನ್ನು ಒಂದೇ ಜಾಗಕ್ಕೆ ಒಯ್ಯಬೇಕಾದಾಗ ಮಾತ್ರ ಇದಕ್ಕೆ ಅರ್ಥ. ಇಲ್ಲವೇ ಸರಕು ಜೀನ್ ಆಗಿರಬೇಕು, ಏಕೆಂದರೆ ಒಂದು ಪ್ರತಿ ತಲುಪಿದರೂ ಕೋಶ ಅದರಿಂದ ಸಾವಿರಾರು ಪ್ರೋಟೀನ್ ಮಾಡಿಕೊಳ್ಳುತ್ತದೆ.

ಎಂ13 ಬೆಳೆಸಿ ಶುದ್ಧಮಾಡುವ ಹಂತಗಳನ್ನು ತಿಳಿಸಿ.

ಚಿಕ್ಕ ಪ್ರಮಾಣದ ಕ್ರಮ ಇದು. ಇಆರ್2738ರಂಥ, ಎಫ್ ಪೈಲಸ್ (ಮೈಮೇಲಿನ ಕೂದಲಿನಂಥ ಎಳೆ) ಇರುವ ಇ. ಕೋಲೈ ತಳಿ ಬೇಕು. ಅದರ ಎಫ್ ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಬಳೆಯಲ್ಲಿ ಟೆಟ್ರಾಸೈಕ್ಲಿನ್ ನಿರೋಧ ಇರುತ್ತದೆ. ತಟ್ಟೆಯಲ್ಲಿ ಟೆಟ್ರಾಸೈಕ್ಲಿನ್ ಇಟ್ಟೇ ಬೆಳೆಸಿ, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಪ್ಲಾಸ್ಮಿಡ್ ಬಿಟ್ಟುಬಿಡುತ್ತದೆ, ಆಮೇಲೆ ಫೇಜ್‌ಗೆ ಹತ್ತಿಕೊಳ್ಳಲು ಪೈಲಸ್ಸೇ ಇರುವುದಿಲ್ಲ.

ರಾತ್ರಿಯಿಡೀ ಬೆಳೆದ ಕಲ್ಚರನ್ನು 20 ಮಿ.ಲೀ. ಎಲ್‌ಬಿ ಪೋಷಕ ದ್ರವಕ್ಕೆ ನೂರಕ್ಕೊಂದರಂತೆ ಬೆರೆಸಿ, ಫೇಜ್ ಸೇರಿಸಿ, 250 ಮಿ.ಲೀ. ಫ್ಲಾಸ್ಕಿನಲ್ಲಿ 37 ಡಿಗ್ರಿಯಲ್ಲಿ ಜೋರಾಗಿ ಅಲುಗಾಡಿಸುತ್ತಾ ನಾಲ್ಕೂವರೆಯಿಂದ ಐದು ಗಂಟೆ ಇಡಿ. ಗಾಳಿ ಚೆನ್ನಾಗಿ ಆಡಬೇಕು, ಚಿಕ್ಕ ಟ್ಯೂಬಿನಲ್ಲಿ ಬೆಳೆಸಿದರೆ ಇಳುವರಿ ಬೀಳುತ್ತದೆ. ಐದು ಗಂಟೆ ದಾಟಿಸಿ ರಾತ್ರಿಯಿಡೀ ಬಿಟ್ಟರೆ ತುಣುಕು ಕಳಚಿದ ಫೇಜ್ ಮೇಲುಗೈ ಸಾಧಿಸುತ್ತದೆ.

12,000 ಜಿಯಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ಶೇ. 80 ದ್ರವವನ್ನಷ್ಟೇ ಹೊಸ ಟ್ಯೂಬಿಗೆ ತೆಗೆಯಿರಿ. ಕೊನೆಯ ಹನಿಯ ಆಸೆಗೆ ಬಿದ್ದರೆ ಬ್ಯಾಕ್ಟೀರಿಯಾವೂ ಜೊತೆಗೆ ಬರುತ್ತದೆ. ಆ ದ್ರವಕ್ಕೆ ಆರನೇ ಒಂದು ಭಾಗ ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ದ್ರಾವಣ (ಶೇ. 20 ಪಿಇಜಿ 8000, 2.5 ಮೋಲಾರ್ ಉಪ್ಪು) ಹಾಕಿ, 4 ಡಿಗ್ರಿಯಲ್ಲಿ ಕನಿಷ್ಠ ಒಂದು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಇಡಿ. ಮತ್ತೆ 12,000 ಜಿಯಲ್ಲಿ 15 ನಿಮಿಷ ತಿರುಗಿಸಿದರೆ ಟ್ಯೂಬಿನ ಗೋಡೆಗೆ ತೆಳ್ಳನೆಯ ಬಿಳಿ ಪದರ ಅಂಟಿರುತ್ತದೆ. ತಳದಲ್ಲಿ ಉಂಡೆ ಹುಡುಕಬೇಡಿ, ಗೋಡೆಯ ಮೇಲೆ ಬಳಿದಂತಿರುವ ಪದರವೇ ಫೇಜ್. ಅದನ್ನು 1 ಮಿ.ಲೀ. ಬಫರಿನಲ್ಲಿ ಕರಗಿಸಿ, ಸ್ವಲ್ಪ ಹೊತ್ತು ತಿರುಗಿಸಿ ಕಸ ತೆಗೆದು, ಇನ್ನೊಮ್ಮೆ ಪಿಇಜಿ ಹಾಕಿ ಐಸಿನ ಮೇಲೆ 15ರಿಂದ 60 ನಿಮಿಷ ಇಟ್ಟು ಒಟ್ಟುಗೂಡಿಸಿ, ಕೊನೆಗೆ 200 ಮೈಕ್ರೋಲೀಟರ್‌ನಲ್ಲಿ ಕರಗಿಸಿ.

ಉಳಿದ ಬ್ಯಾಕ್ಟೀರಿಯಾ ಕೊಲ್ಲಲು ಕ್ಲೋರೋಫಾರ್ಮ್ ಹಾಕಬೇಡಿ. ಟಿ4 ಅದನ್ನು ತಾಳಿಕೊಳ್ಳುತ್ತದೆ, ಎಂ13 ತಾಳುವುದಿಲ್ಲ. ಟಿ4 ಮೇಲೆ ಕೆಲಸ ಮಾಡಿ ಬಂದವರು ಅಭ್ಯಾಸಬಲದಿಂದ ಹಾಕಿ ಇಡೀ ಬ್ಯಾಚ್ ಕಳೆದುಕೊಳ್ಳುತ್ತಾರೆ. ಎಂ13ಕ್ಕೆ 0.45 ಮೈಕ್ರಾನ್ ಫಿಲ್ಟರ್ ಸಾಕು.

ಜೀನ್ ಸಾಗಿಸುವ ಫೇಜ್‌ಮಿಡ್‌ಗೂ ಇದೇ ಕ್ರಮವೇ?

ಸ್ವಲ್ಪ ಬೇರೆ. ಫೇಜ್‌ಮಿಡ್ ಎಂದರೆ ಎಫ್1 ಒರಿಜಿನ್ (ಫೇಜ್ ಡಿಎನ್‌ಎಯ ನಕಲು ಶುರುವಾಗುವ ಜಾಗ) ಇರುವ ಪ್ಲಾಸ್ಮಿಡ್, ಅದರಲ್ಲಿ ಕವಚದ ಜೀನ್‌ಗಳೆಲ್ಲ ಇರುವುದಿಲ್ಲ. ಅವನ್ನು ಒದಗಿಸಲು ಎಂ13ಕೆಒ7 ಎಂಬ ಹೆಲ್ಪರ್ ಫೇಜ್ ಬೇಕು. ಕಲ್ಚರಿನ ಸಾಂದ್ರತೆ (ಬೆಳಕಿನ ಹೀರಿಕೆ) 600 ನ್ಯಾನೋಮೀಟರಿನಲ್ಲಿ 0.4ರಿಂದ 0.5 ಇರುವಾಗ, ಬ್ಯಾಕ್ಟೀರಿಯಾ ಒಂದಕ್ಕೆ 10ರಿಂದ 20 ಹೆಲ್ಪರ್‌ನಂತೆ ಸೇರಿಸಿ, ಮೊದಲ ಅರ್ಧ ಗಂಟೆ ಅಲುಗಾಡಿಸದೆ ಬಿಡಿ. ಅಲುಗಾಡಿಸಿದರೆ ಪೈಲಸ್ ಮುರಿಯುತ್ತದೆ. ಸೋಂಕು ತಗಲಿದ ಮೇಲೆ ಕಾನಮೈಸಿನ್ ಹಾಕಿ ರಾತ್ರಿಯಿಡೀ ಬೆಳೆಸಿ. ಸಿಗುವ ಕಣಗಳಲ್ಲಿ ಕೆಲವು ಹೆಲ್ಪರ್‌ನ ಸ್ವಂತ ಡಿಎನ್‌ಎಯನ್ನೇ ತುಂಬಿಕೊಂಡಿರುತ್ತವೆ. ಅವೆಷ್ಟು ಎಂದು ಅಳೆಯದೆ ಡೋಸು ಲೆಕ್ಕ ಹಾಕಬಾರದು.

ಫೇಜ್‌ಗಳನ್ನು ಎಣಿಸುವುದು ಹೇಗೆ? ಒಂದೊಂದು ವರದಿಯಲ್ಲಿ ಒಂದೊಂದು ಸಂಖ್ಯೆ ಇರುತ್ತದಲ್ಲ?

ಎಣಿಸುವ ವಸ್ತುವೇ ಬೇರೆ ಬೇರೆ, ಅದಕ್ಕೆ. ಒಟ್ಟು ಕಣ ತಿಳಿಯಬೇಕಾದರೆ 269 ನ್ಯಾನೋಮೀಟರಿನ ಬೆಳಕಿನ ಹೀರಿಕೆಯಿಂದ 320ರ ಹೀರಿಕೆ ಕಳೆದು, 6×10¹⁶ರಿಂದ ಗುಣಿಸಿ, ಫೇಜ್ ಡಿಎನ್‌ಎಯ ಅಕ್ಷರಗಳ ಸಂಖ್ಯೆಯಿಂದ ಭಾಗಿಸಿ. 7,222 ಅಕ್ಷರಗಳ ಎಂ13ಕೆಇ ಎಂಬ ಎಂ13 ತಳಿಗೆ ವ್ಯತ್ಯಾಸ 1.0 ಬಂದರೆ ಮಿಲಿಲೀಟರಿಗೆ ಸುಮಾರು 8.3×10¹² ಕಣ. ಬ್ಯಾಕ್ಟೀರಿಯಾಗೆ ಸೋಂಕು ತಗಲಿಸಬಲ್ಲವೆಷ್ಟು ಎಂಬುದು ಪ್ಲೇಕ್ (ಬ್ಯಾಕ್ಟೀರಿಯಾದ ಹಾಸಿನ ಮೇಲೆ ಫೇಜ್ ಮೂಡಿಸುವ ಚುಕ್ಕೆ) ಎಣಿಕೆಯಿಂದ ಗೊತ್ತಾಗುತ್ತದೆ. ಮಾನವ ಕೋಶಕ್ಕೆ ಜೀನ್ ತಲುಪಿಸಿದವೆಷ್ಟು ಎಂಬುದು ಮೂರನೆಯ ಸಂಖ್ಯೆ, ಅದು ಮೊದಲೆರಡಕ್ಕಿಂತ ಬಹಳ ಚಿಕ್ಕದು. ಔಷಧ ಕಟ್ಟಿದ ಮೇಲೆ ಪಿ3 ತುದಿ ಕೆಟ್ಟು ಪ್ಲೇಕ್ ಕಡಿಮೆ ಬರಬಹುದು, ಆದರೆ ಕಣಗಳು ಅಷ್ಟೇ ಇರುತ್ತವೆ. ಯಾವುದೇ ಪ್ರಬಂಧ ಓದುವಾಗ ಡೋಸನ್ನು ಯಾವ ಘಟಕದಲ್ಲಿ ಕೊಟ್ಟಿದ್ದಾರೆ ಎಂದು ಮೊದಲು ನೋಡಿ. ಅದನ್ನು ಹೇಳದ ಹೋಲಿಕೆಯನ್ನು ನಾವು ನಂಬುವುದಿಲ್ಲ.

ಎಂಡೋಟಾಕ್ಸಿನ್ ವಿಷಯಕ್ಕೆ ಇಷ್ಟು ಒತ್ತು ಏಕೆ?

ಎಂಡೋಟಾಕ್ಸಿನ್ ಎಂದರೆ ಇ. ಕೋಲೈ ಹೊರಪೊರೆಯ ಲಿಪೊಪಾಲಿಸ್ಯಾಕರೈಡ್. ಅದು ರಕ್ತಕ್ಕೆ ಹೋದರೆ ಜ್ವರ, ರಕ್ತದೊತ್ತಡ ಕುಸಿತ, ಹೆಚ್ಚಾದರೆ ಆಘಾತ. ರಕ್ತನಾಳಕ್ಕೆ ಕೊಡುವ ಔಷಧದಲ್ಲಿ ಗಂಟೆಗೆ ಕಿಲೋ ತೂಕಕ್ಕೆ 5 ಎಂಡೋಟಾಕ್ಸಿನ್ ಯೂನಿಟ್ ಮೀರಬಾರದೆಂಬುದು ಔಷಧಕೋಶಗಳ ಮಿತಿ. ಬೆನ್ನುಹುರಿಯ ದ್ರವಕ್ಕೆ ಕೊಡುವುದಾದರೆ 0.2 ಮಾತ್ರ. 60 ಕಿಲೋ ವ್ಯಕ್ತಿಗೆ ಗಂಟೆಗೆ 300 ಯೂನಿಟ್ ಆಯಿತು. 20 ಗ್ರಾಂ ಇಲಿಗೆ ಇದೇ ಲೆಕ್ಕದಲ್ಲಿ 0.1 ಯೂನಿಟ್. ಪಿಇಜಿಯಿಂದಷ್ಟೇ ಶುದ್ಧಮಾಡಿದ ಫೇಜ್ ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಎಂ13 ಬ್ಯಾಕ್ಟೀರಿಯಾವನ್ನು ಒಡೆಯದೆ ಹೊರಬರುತ್ತದೆ ನಿಜ, ಆದರೂ ಎಂಡೋಟಾಕ್ಸಿನ್ ಕಲ್ಚರಿನಲ್ಲಿ ಸೋರಿಯೇ ಇರುತ್ತದೆ.

ಇಲಿಯಲ್ಲಿ ಕ್ಯಾನ್ಸರ್ ಗೆಡ್ಡೆ ಕುಗ್ಗಿತು ಎಂಬ ಫಲಿತಾಂಶ ಬಂದಾಗ ನಮಗೆ ಮೊದಲು ಏಳುವ ಸಂಶಯವೂ ಇದೇ. ಎಂಡೋಟಾಕ್ಸಿನ್ ಒಂದೇ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸಿ ಗೆಡ್ಡೆ ಕುಗ್ಗಿಸಬಲ್ಲದು. ಔಷಧವಿಲ್ಲದ, ಆದರೆ ಅದೇ ರೀತಿ ಶುದ್ಧಮಾಡಿದ ಫೇಜ್ ಕೊಟ್ಟ ಗುಂಪು ಪ್ರಯೋಗದಲ್ಲಿ ಇರಲೇಬೇಕು.

ಎಂಡೋಟಾಕ್ಸಿನ್ ತೆಗೆಯುವ ಸುಲಭ ದಾರಿ ಟ್ರೈಟಾನ್ ಎಕ್ಸ್-114 ಎಂಬ ಮಾರ್ಜಕ. ಶೇ. 1ರಿಂದ 2ರಷ್ಟು ಹಾಕಿ ಐಸಿನ ಮೇಲೆ ಚೆನ್ನಾಗಿ ಬೆರೆಸಿ, 37 ಡಿಗ್ರಿಗೆ ಏರಿಸಿದಾಗ ದ್ರವ ಮಂಜಾಗಿ ಎರಡು ಪದರವಾಗುತ್ತದೆ. ಬೆಚ್ಚಗಿರುವಾಗಲೇ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರಿನ ಪದರ ತೆಗೆಯಬೇಕು, ಯಂತ್ರ ತಣ್ಣಗಿದ್ದರೆ ಪದರಗಳು ಮತ್ತೆ ಬೆರೆತುಹೋಗುತ್ತವೆ. ಮೂರು ಸಲವಾದರೂ ಮಾಡಿ. ಆಮೇಲೆ ಉಳಿದ ಟ್ರೈಟಾನ್ ತೆಗೆಯುವುದನ್ನು ಮರೆಯಬೇಡಿ, ಅದು ಕೋಶಗಳಿಗೆ ವಿಷ. ಕೊನೆಗೆ ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆ. ಫೇಜ್ ದ್ರಾವಣವೇ ಈ ಪರೀಕ್ಷೆಗೆ ಅಡ್ಡಿ ಮಾಡಬಹುದು, ಆದ್ದರಿಂದ ಗೊತ್ತಿರುವಷ್ಟು ಎಂಡೋಟಾಕ್ಸಿನ್ ಸೇರಿಸಿ ಅದು ಸರಿಯಾಗಿ ಓದಿಗೆ ಬರುತ್ತದೆಯೇ ಎಂದೂ ನೋಡಬೇಕು.

ಮಾನವ ಕೋಶಕ್ಕೆ ಜೀನ್ ತಲುಪಿಸುವುದರಲ್ಲಿ ತೊಡಕು ಎಲ್ಲಿದೆ?

ಪ್ರತಿ ಹೆಜ್ಜೆಯಲ್ಲೂ. ಮನೆಬಾಗಿಲಿಗೆ ಪಾರ್ಸೆಲ್ ಮುಟ್ಟುವುದು ಬೇರೆ, ಒಳಗಿನವರು ಅದನ್ನು ಬಿಚ್ಚಿಕೊಳ್ಳುವುದು ಬೇರೆ. ಗುರಿ ಪೆಪ್ಟೈಡ್ ಇದ್ದರೆ ಫೇಜ್ ಕೋಶಕ್ಕೆ ಅಂಟುತ್ತದೆ, ಕೋಶ ಅದನ್ನು ಎಂಡೋಸೋಮ್ ಎಂಬ ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಹೆಚ್ಚಿನವು ಆ ಚೀಲದಿಂದ ಹೊರಬರಲಾರದೆ ಲೈಸೋಸೋಮ್‌ನಲ್ಲಿ ಜೀರ್ಣವಾಗುತ್ತವೆ. ಹೊರಬಂದವು ಕವಚ ಬಿಚ್ಚಬೇಕು, ಡಿಎನ್‌ಎ ಕೋಶಕೇಂದ್ರ ಸೇರಬೇಕು, ಎಂ13ರದ್ದಾದರೆ ಒಂಟಿ ಎಳೆ ಜೋಡಿ ಎಳೆಯಾಗಬೇಕು. ಇದರ ಮೇಲೆ, ಬ್ಯಾಕ್ಟೀರಿಯಾ ಮೂಲದ ಡಿಎನ್‌ಎಯಲ್ಲಿ ಮೀಥೈಲ್ ಗುಂಪಿಲ್ಲದ ಸಿ-ಜಿ ಜೋಡಿಗಳು ಹೆಚ್ಚು, ಅವನ್ನು ಟಿಎಲ್‌ಆರ್9 ಎಂಬ ಗ್ರಾಹಕ ಗುರುತಿಸಿ ಉರಿಯೂತ ಎಬ್ಬಿಸುತ್ತದೆ.

ಅಮೀನ್ ಹಜಿತು, ರೆನಾಟಾ ಪಾಸ್ಕ್ವಾಲಿನಿ, ವಾಡಿ ಅರಾಪ್ ಅವರ ತಂಡ 2006ರಲ್ಲಿ ಮಿಶ್ರ ವಾಹಕವೊಂದನ್ನು ಪ್ರಕಟಿಸಿತು. ನೂಲಿನಂಥ ಫೇಜ್‌ನ ಜೀನೋಮಿಗೆ, ಎಎವಿ ಎಂಬ ಮಾನವ ವೈರಸ್‌ನ ತುದಿ ಪುನರಾವರ್ತನೆಗಳ ನಡುವೆ ಜೀನನ್ನು ಇಟ್ಟು ಸೇರಿಸಿದರು. ಪಿ3 ಮೇಲೆ ಆರ್‌ಜಿಡಿ-4ಸಿ ಪೆಪ್ಟೈಡ್. ಗೆಡ್ಡೆಗಳ ರಕ್ತನಾಳದಲ್ಲಿ ಹೆಚ್ಚಿರುವ ಇಂಟೆಗ್ರಿನ್‌ಗೆ ಅದು ಅಂಟುತ್ತದೆ. ಎಎವಿ ತುದಿಗಳಿಂದಾಗಿ ಜೀನ್ ಕೋಶದಲ್ಲಿ ಹೆಚ್ಚು ಕಾಲ ಕೆಲಸ ಮಾಡಿತು. ಇದೇ ಬಗೆಯ ವಾಹಕದಲ್ಲಿ, ಗೆಡ್ಡೆಯ ಕೋಶಗಳನ್ನು ಕೊಲ್ಲಬಲ್ಲ ಟಿಎನ್‌ಎಫ್ ಪ್ರೋಟೀನಿನ ಜೀನ್ ಇಟ್ಟು, ತಾನಾಗಿ ಕ್ಯಾನ್ಸರ್ ಬಂದ ಸಾಕುನಾಯಿಗಳಿಗೆ ಕೊಟ್ಟ ಫಲಿತಾಂಶ 2009ರಲ್ಲಿ ಬಂತು. ಕೆಲವು ನಾಯಿಗಳಲ್ಲಿ ಗೆಡ್ಡೆ ಕುಗ್ಗಿತು. ಎಂಡೋಸೋಮ್ ಒಡೆಯುವ ಪೆಪ್ಟೈಡನ್ನೂ ಕವಚದ ಮೇಲೆ ಕೂರಿಸುವ ಪ್ರಯತ್ನ ನಂತರ ಬಂದಿದೆ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ದುಡಿಮೆ ಬೇಕಿರುವುದು ಇಲ್ಲೇ. ಗುರಿ ಪೆಪ್ಟೈಡ್‌ಗಳು ಈಗಾಗಲೇ ಬೇಕಾದಷ್ಟಿವೆ.

ಎಎವಿಯಲ್ಲಿ ಹಿಡಿಸದ ದೊಡ್ಡ ಜೀನನ್ನು ಫೇಜ್ ಹೊರಬಲ್ಲದೇ?

ಟಿ4 ಹೊರಬಲ್ಲದು. ಎಎವಿಯಲ್ಲಿ ಹಿಡಿಸುವುದು ಸುಮಾರು 4,700 ಅಕ್ಷರ. ಡುಶೆನ್ ಸ್ನಾಯುಕ್ಷಯದಲ್ಲಿ ಕೆಟ್ಟಿರುವ ಡಿಸ್ಟ್ರೋಫಿನ್‌ನ ಸಂಕೇತಭಾಗವೇ ಸುಮಾರು 11,000 ಅಕ್ಷರ. ಅದಕ್ಕೇ ಈಗಿನ ಎಎವಿ ಚಿಕಿತ್ಸೆಯಲ್ಲಿ ಮೊಟಕುಗೊಳಿಸಿದ ಡಿಸ್ಟ್ರೋಫಿನ್ ಕೊಡುತ್ತಾರೆ.

ಅಮೆರಿಕದ ವಾಷಿಂಗ್ಟನ್‌ನ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ವೇನಿಗಳ್ಳ ರಾವ್ ಅವರ ತಂಡ 2023ರಲ್ಲಿ ಟಿ4 ತಲೆಯಿಂದ ಕಟ್ಟಿದ ಕೃತಕ ವಾಹಕ ಪ್ರಕಟಿಸಿತು. ಕುತ್ತಿಗೆ, ಬಾಲ ಇಲ್ಲದ ಬರೀ ತಲೆ. ಜಿಪಿ17 ಎಂಬ ಪ್ರೋಟೀನ್ ಮೋಟರ್ ಎಟಿಪಿ ಉರಿಸಿ ಪರೀಕ್ಷಾನಾಳದಲ್ಲೇ ಡಿಎನ್‌ಎಯನ್ನು ಒಳಗೆ ತುರುಕುತ್ತದೆ. ಸಾಕ್, ಹಾಕ್ ಬೆನ್ನಿಗೆ ಅಂಟಿಸಿದ ಪ್ರೋಟೀನುಗಳು ಹೊರಗೆ ಕೂರುತ್ತವೆ. ತಲೆಯ ಮೈ ಋಣ ವಿದ್ಯುದಂಶದ್ದಾದ್ದರಿಂದ ಧನ ವಿದ್ಯುದಂಶದ ಲಿಪಿಡ್ ಅದರ ಸುತ್ತ ತಾನಾಗಿ ಹೊದೆಯುತ್ತದೆ, ಈ ಹೊದಿಕೆಯೇ ಕೋಶದೊಳಗೆ ನುಗ್ಗಲು ನೆರವಾಗುವುದು. ಪೂರ್ಣ ಡಿಸ್ಟ್ರೋಫಿನ್ ಜೀನನ್ನೂ ಜೀನೋಮ್ ತಿದ್ದುವ ಕ್ಯಾಸ್9 ಪ್ರೋಟೀನನ್ನೂ ಹೀಗೆ ಮಾನವ ಕೋಶಗಳಿಗೆ ಸಾಗಿಸಿದರು. ಇದು ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮಾತು. ರೋಗಿಯ ಸ್ನಾಯುವಿಗೆ ತಲುಪುವುದು ಇನ್ನೂ ದೂರ.

ರಕ್ತಕ್ಕೆ ಕೊಟ್ಟ ಫೇಜ್ ಎಷ್ಟು ಹೊತ್ತು ಉಳಿಯುತ್ತದೆ?

ಯಕೃತ್ತು, ಗುಲ್ಮಗಳು ಬೇಗ ಸೋಸಿಬಿಡುತ್ತವೆ. ಇಲಿಗಳಲ್ಲಿ ಮಾರ್ಪಡಿಸದ ಎಂ13 ಸುಮಾರು 4.5 ಗಂಟೆಯಲ್ಲಿ ಅರ್ಧಕ್ಕಿಳಿಯಿತು. ಅದೇ ಫೇಜ್‌ಗೆ ಸಕ್ಸಿನಿಲ್ ಗುಂಪು ಅಂಟಿಸಿದಾಗ ಒಂದೂವರೆ ನಿಮಿಷ ಸಾಕಾಯಿತು! ಔಷಧ ಕಟ್ಟುವ ರಸಾಯನಕ್ರಿಯೆಯೇ ರಕ್ತದಲ್ಲಿನ ಆಯಸ್ಸನ್ನು ಬದಲಿಸುತ್ತದೆ, ಹಾಗಾಗಿ ಖಾಲಿ ಫೇಜ್‌ನ ಅಂಕಿಯನ್ನು ಔಷಧ ಹೊತ್ತ ಫೇಜ್‌ಗೆ ಅನ್ವಯಿಸಬಾರದು. ಕಾರ್ಲ್ ಮೆರಿಲ್ ಅವರ ತಂಡ 1996ರಲ್ಲಿ, ಇಲಿಯ ರಕ್ತದಲ್ಲಿ ಬದುಕುಳಿದ ಲ್ಯಾಂಬ್ಡಾ ಫೇಜ್‌ಗಳನ್ನೇ ಮತ್ತೆ ಮತ್ತೆ ಆರಿಸಿ ಹೆಚ್ಚು ಕಾಲ ಉಳಿಯುವ ತಳಿ ಪಡೆಯಿತು. ಬದಲಾಗಿದ್ದು ಮುಖ್ಯವಾಗಿ ತಲೆಯ ಪ್ರೋಟೀನಿನ 158ನೇ ಸ್ಥಾನದ ಒಂದು ಅಮೈನೋ ಆಮ್ಲ.

ಪ್ರತಿಕಾಯ ಇನ್ನೊಂದು ಅಡ್ಡಿ. ಶ್ವಾಸಕೋಶದ ಮೈಕೋಬ್ಯಾಕ್ಟೀರಿಯಂ ಸೋಂಕಿಗೆ ಫೇಜ್ ಪಡೆದ ವೃದ್ಧರೊಬ್ಬರ ಬಗ್ಗೆ 2021ರಲ್ಲಿ ಪ್ರಕಟವಾದ ವರದಿಯಲ್ಲಿ, ಮೊದಲ ತಿಂಗಳು ಬ್ಯಾಕ್ಟೀರಿಯಾ ಇಳಿದು, ಪ್ರತಿಕಾಯ ಬೆಳೆದಂತೆ ಮತ್ತೆ ಏರಿತು. ಪದೇ ಪದೇ ಕೊಡಬೇಕಾದ ಚಿಕಿತ್ಸೆಗೆ ಇದನ್ನು ಮೊದಲೇ ಎಣಿಸಿರಬೇಕು.

ಬ್ಯಾಕ್ಟೀರಿಯಾಕ್ಕೇ ಜೀನ್ ತಲುಪಿಸುವ ಕೆಲಸ ಎಲ್ಲಿಗೆ ಬಂದಿದೆ?

ಎಲ್ಲಕ್ಕಿಂತ ಮುಂದೆ ಇದೇ ಇದೆ, ಅದು ಸಹಜವೂ ಹೌದು: ಬ್ಯಾಕ್ಟೀರಿಯಾದೊಳಗೆ ಡಿಎನ್‌ಎ ಇಳಿಸುವುದು ಫೇಜ್‌ನ ಹುಟ್ಟುಕೆಲಸ. 2014ರಲ್ಲಿ ಎರಡು ತಂಡಗಳು ಫೇಜ್‌ಮಿಡ್‌ನಲ್ಲಿ ಕ್ರಿಸ್ಪರ್-ಕ್ಯಾಸ್9 ಎಂಬ ಡಿಎನ್‌ಎ ಕತ್ತರಿಸುವ ವ್ಯವಸ್ಥೆ ಇಟ್ಟು, ಔಷಧನಿರೋಧಕ ಜೀನ್ ಇರುವ ಬ್ಯಾಕ್ಟೀರಿಯಾಗಳನ್ನಷ್ಟೇ ಕೊಂದು ತೋರಿಸಿದವು. ಪ್ಯಾರಿಸ್‌ನ ಎಲಿಗೊ ಬಯೋಸೈನ್ಸ್ 2024ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ನಾಜೂಕಿನದು. ಕೊಲ್ಲದೆ, ಇಲಿಯ ಕರುಳಿನ ಇ. ಕೋಲೈಯ ಒಂದು ಜೀನಿನ ಅಕ್ಷರವನ್ನು ಬದಲಿಸಿತು. ಒಂದೇ ಡೋಸಿಗೆ ಮಧ್ಯಕ ಶೇ. 93ರಷ್ಟು ಬ್ಯಾಕ್ಟೀರಿಯಾ ಬದಲಾದವು. ಮಾನವ ಕೋಶದ ಕೆಲಸದಲ್ಲಿ ಇಂಥ ಅಂಕಿ ಕಾಣುವುದಿಲ್ಲ.

ದೌರ್ಬಲ್ಯ ಇಲ್ಲಿಯೂ ಇದೆ. ಒಂದು ಫೇಜ್ ಹಿಡಿಯುವುದು ಕೆಲವೇ ತಳಿಗಳನ್ನು, ಬಾಲದ ನಾರು ಬದಲಿಸಿಯೋ ಹಲವು ಫೇಜ್ ಬೆರೆಸಿಯೋ ವ್ಯಾಪ್ತಿ ಹಿಗ್ಗಿಸಬೇಕು. ಗ್ರಾಹಕವನ್ನೇ ಬದಲಿಸಿಕೊಂಡ ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುತ್ತದೆ.

ಮನುಷ್ಯರಿಗೆ ಕೊಟ್ಟಿದ್ದಾರೆಯೇ? ಈಗ ಚಿಕಿತ್ಸೆ ಸಿಗುತ್ತದೆಯೇ?

ಜೀನ್ ತಿದ್ದಿದ ಫೇಜ್ ಕೊಟ್ಟ ಮೊದಲ ಪ್ರಕರಣ 2019ರಲ್ಲಿ ಪ್ರಕಟವಾಯಿತು. ಲಂಡನ್‌ನಲ್ಲಿ 15 ವರ್ಷದ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶ ಕೆಡಿಸುವ ಆನುವಂಶಿಕ ಕಾಯಿಲೆ) ರೋಗಿಗೆ ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್ ಸೋಂಕು. ಮೂರು ಫೇಜ್‌ಗಳ ಮಿಶ್ರಣ, ಪ್ರತಿಯೊಂದರ ನೂರು ಕೋಟಿ ಕಣ, 12 ಗಂಟೆಗೊಮ್ಮೆ. ಅವುಗಳಲ್ಲಿ ಎರಡು, ಬ್ಯಾಕ್ಟೀರಿಯಾವನ್ನು ಕೊಲ್ಲದೆ ಒಳಗೆ ಸುಮ್ಮನೆ ಉಳಿಯುವ ಸ್ವಭಾವದವು. ಹಾಗೆ ಉಳಿಸುವ ರಿಪ್ರೆಸರ್ ಜೀನನ್ನು ತೆಗೆದುಹಾಕಿದ್ದರು. ರೋಗಿಯ ಸ್ಥಿತಿ ಸುಧಾರಿಸಿತು. ಅಲ್ಲಿ ಫೇಜ್ ಔಷಧದ ವಾಹಕವಾಗಿರಲಿಲ್ಲ, ಅದೇ ಔಷಧವಾಗಿತ್ತು. ಕ್ರಿಸ್ಪರ್-ಕ್ಯಾಸ್3 ಹೊತ್ತ ಎಲ್‌ಬಿಪಿ-ಇಸಿ01 ಮಿಶ್ರಣ ಮೂತ್ರನಾಳದ ಸೋಂಕಿಗೆ ಎರಡನೇ ಹಂತದ ಪರೀಕ್ಷೆಗೆ ಬಂದಿದೆ. ಕ್ಯೂ-ಬೀಟಾ ಕವಚದಲ್ಲಿ ಸಿ-ಜಿ ಡಿಎನ್‌ಎ ತುಂಬಿದ ವಿಡುಟೊಲಿಮಾಡ್ ಅನ್ನು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ.

ವೈದ್ಯರು ಬರೆದುಕೊಟ್ಟು ಅಂಗಡಿಯಲ್ಲಿ ಕೊಳ್ಳಬಹುದಾದ ಫೇಜ್ ವಾಹಕ ಇನ್ನೂ ಯಾವುದೂ ಇಲ್ಲ. ಯಾರಾದರೂ ಇದೆ ಎಂದು ದುಡ್ಡು ಕೇಳಿದರೆ ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ, ಭಾರತದಲ್ಲಾದರೆ ಪ್ರಯೋಗಗಳನ್ನು ನೋಂದಾಯಿಸುವ ಸಿಟಿಆರ್‌ಐ ಜಾಲತಾಣದಲ್ಲಿ ಅದನ್ನು ಹುಡುಕಿ ನೋಡಿ. ಅಧಿಕೃತ ಪ್ರಯೋಗದಲ್ಲಿ ಪರೀಕ್ಷಿಸುತ್ತಿರುವ ಔಷಧಕ್ಕೆ ರೋಗಿಯಿಂದ ಹಣ ಕೇಳುವುದು ವಾಡಿಕೆಯಲ್ಲ.

ಭಾರತದಲ್ಲಿ ಈ ಕೆಲಸ ಮಾಡಲು ಯಾರ ಅನುಮತಿ ಬೇಕು?

ಜೀನ್ ಮಾರ್ಪಾಟಿನ ಕೆಲಸವಾದ್ದರಿಂದ ಪರಿಸರ ಸಂರಕ್ಷಣಾ ಕಾಯ್ದೆಯಡಿಯ 1989ರ ನಿಯಮಗಳು ಅನ್ವಯಿಸುತ್ತವೆ. ಮೊದಲು ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ, ಅಪಾಯದ ಮಟ್ಟ ನೋಡಿಕೊಂಡು ಆರ್‌ಸಿಜಿಎಂ (ಜೀನ್ ಮಾರ್ಪಾಟಿನ ಪರಿಶೀಲನಾ ಸಮಿತಿ). ಮನುಷ್ಯರಲ್ಲಿ ಪರೀಕ್ಷಿಸಲು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ ಮತ್ತು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಜೀನ್ ಚಿಕಿತ್ಸೆಗೆ ಐಸಿಎಂಆರ್‌ನ 2019ರ ಮಾರ್ಗಸೂಚಿಯೂ ಇದೆ. ಬೆಂಗಳೂರಿನ ಗಂಗಾಜೆನ್ ಸಂಸ್ಥೆ ಫೇಜ್‌ನ ಬಾಲದ ಕಿಣ್ವಭಾಗವನ್ನೂ ಲೈಸೋಸ್ಟಾಫಿನ್‌ನ ಅಂಟುವ ಭಾಗವನ್ನೂ ಜೋಡಿಸಿ ಪಿ128 ಎಂಬ ಪ್ರೋಟೀನ್ ರೂಪಿಸಿತು, ಸ್ಟಫೈಲೊಕಾಕಸ್ ವಿರುದ್ಧ. ಅದರಲ್ಲಿ ಇಡೀ ಫೇಜ್ ಇಲ್ಲ, ಹಾಗಾಗಿ ಮರಿಮಾಡುವ ಕಣದ ಪ್ರಶ್ನೆಯೇ ಏಳುವುದಿಲ್ಲ.

ನಮ್ಮ ಲ್ಯಾಬಿನಲ್ಲಿ ಹೊಸದಾಗಿ ಶುರುಮಾಡುತ್ತಿದ್ದೇವೆ. ಬೇರೆಯವರ ಕಲ್ಚರ್ ಹಾಳಾಗದಂತೆ ಏನು ಮಾಡಬೇಕು?

ಫಿಲ್ಟರ್ ಇರುವ ಪಿಪೆಟ್ ತುದಿಗಳನ್ನೇ ಬಳಸಿ, ಮಾಮೂಲಿ ತುದಿ ಬಳಸಿದರೆ ಪಿಪೆಟ್ ಒಳಗೇ ಫೇಜ್ ಸೇರಿಕೊಳ್ಳುತ್ತದೆ. ಪಿಪೆಟ್, ಶೇಕರ್, ಸೆಂಟ್ರಿಫ್ಯೂಜ್ ಬಾಟಲಿಗಳನ್ನು ಪ್ರತ್ಯೇಕವಾಗಿಡಿ. ಮೇಜನ್ನು ಆಲ್ಕೋಹಾಲ್‌ನಿಂದ ಒರೆಸಿದರೆ ಸಾಲದು. ಹತ್ತಕ್ಕೊಂದರಂತೆ ಬೆರೆಸಿದ ಹೊಸ ಬ್ಲೀಚ್ ಹಾಕಿ 20 ನಿಮಿಷ ಬಿಟ್ಟು ಒರೆಸಿ, ಆಮೇಲೆ ನೀರಿನಿಂದ ಒರೆಸಿ, ಇಲ್ಲದಿದ್ದರೆ ಲೋಹ ತುಕ್ಕು ಹಿಡಿಯುತ್ತದೆ. ಪ್ರತಿ ಸಲ ಫೇಜ್ ಹಾಕದ ಬ್ಯಾಕ್ಟೀರಿಯಾದ ತಟ್ಟೆಯೊಂದನ್ನು ಜೊತೆಗಿಡಿ. ಎಕ್ಸ್-ಗಾಲ್ ಎಂಬ ನೀಲಿ ಬಣ್ಣ ಕೊಡುವ ವಸ್ತು ಹಾಕಿದ ಆ ತಟ್ಟೆಯಲ್ಲಿ ನೀಲಿ ಪ್ಲೇಕ್ ಕಂಡರೆ ನಿಮ್ಮ ಎಂ13ಕೆಇಯೇ ಹರಡಿದೆ, ಬಣ್ಣವಿಲ್ಲದ ಪ್ಲೇಕ್ ಕಂಡರೆ ಹೊರಗಿನ ಫೇಜ್ ಬಂದಿದೆ. ಎರಡರಲ್ಲಿ ಯಾವುದೇ ಆದರೂ ತೆರೆದಿಟ್ಟ ಮೀಡಿಯಾ, ಬಫರ್‌ಗಳನ್ನೆಲ್ಲ ಆಟೋಕ್ಲೇವ್ ಮಾಡಿ ಚೆಲ್ಲಿ, ಬ್ಯಾಕ್ಟೀರಿಯಾವನ್ನು ಮೈನಸ್ 80 ಡಿಗ್ರಿಯ ಸ್ಟಾಕಿನಿಂದ ಹೊಸದಾಗಿ ತೆಗೆಯಿರಿ.